ಕೈ ಮುರಿದರೆ ಯಾರೂ ಸಾಯಲ್ಲ ಅಂದುಕೊಂಡಿದ್ದೆವು

ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗ ನೋಡಿಕೊಳ್ಳುವ ಡಾಕ್ಟರುಗಳಿಗೆ,

ನಮಸ್ಕಾರ.

ನಾನು ಮಲೆನಾಡಿನ ಒಂದು ಸಣ್ಣ ಊರಿನವಳು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಡಾಕ್ಟರಲ್ಲ. ಆದರೂ ಈ ಪತ್ರ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಅಮ್ಮನ ಬಲಗೈ ಮುರಿದಾಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರದ ಒಂದು ವಿಷಯ ನಿಮಗೆಲ್ಲ ಗೊತ್ತಿತ್ತು. ಅದನ್ನು ನಮಗೆ ಹೇಳುವ ವ್ಯವಸ್ಥೆ ಮಾತ್ರ ಇರಲಿಲ್ಲ.

2022ರ ಆಗಸ್ಟ್. ಮಳೆ ಹಿಡಿದು ಹೊಯ್ಯುತ್ತಿತ್ತು. ಅಮ್ಮನಿಗೆ ಆಗ 71. ಬೆಳಗಿನ ಜಾವ ಬಚ್ಚಲಿಗೆ ಹೋದವಳು ಹೊಸ್ತಿಲ ಹತ್ತಿರ ಜಾರಿ ಬಲಕ್ಕೆ ಬಿದ್ದಳು. ಎತ್ತರದಿಂದೇನೂ ಅಲ್ಲ, ನಿಂತಲ್ಲಿಂದಲೇ ಬಿದ್ದಿದ್ದು. ನಾವು ಓಡಿ ಹೋಗುವಷ್ಟರಲ್ಲಿ ತಾನೇ ಎದ್ದು ಗೋಡೆಗೆ ಒರಗಿ ಕೂತಿದ್ದಳು. ಎಡಗೈಯಲ್ಲಿ ಬಲಗೈಯನ್ನು ಮಗು ಎತ್ತಿಕೊಂಡ ಹಾಗೆ ಹಿಡಿದುಕೊಂಡಿದ್ದಳು. "ಕಾಲು ನೆಟ್ಟಗಿದೆ ಕಣೆ, ಕೈ ಅಷ್ಟೇ" ಅಂದಳು. ಅವಳಿಗೆ ಅದೇ ಸಮಾಧಾನ. ನಮಗೂ ಅದೇ ಸಮಾಧಾನ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ರಟ್ಟೆಯ ಮೂಳೆ ಭುಜದ ಕೀಲಿನ ಸ್ವಲ್ಪ ಕೆಳಗೆ ಮುರಿದಿತ್ತು. "ಆಪರೇಷನ್ ಬೇಡ ಅಜ್ಜಿ. ಜೋಳಿಗೆ ಹಾಕ್ತೀವಿ, ತಾನಾಗೇ ಕೂಡುತ್ತೆ. ಪುಣ್ಯ ಮಾಡಿದ್ರಿ, ಸೊಂಟ ಮುರಿದಿಲ್ಲ" ಅಂದರು ಡಾಕ್ಟರು. ನೋವಿನ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಮೂರು ವಾರ ಬಿಟ್ಟು ಬನ್ನಿ ಅಂದರು. ಹೊರಗೆ ಬೆಂಚಿನ ಮೇಲೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ನಾವು ಎದ್ದು ಬಂದೆವು.

ಆ ಡಾಕ್ಟರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ದೂರು ಅವರ ಮೇಲಲ್ಲ. ವಯಸ್ಸಾದವರ ರಟ್ಟೆ ಮೂಳೆ ಭುಜದ ಹತ್ತಿರ ಮುರಿದರೆ ಎಷ್ಟೋ ಸಲ ಜೋಳಿಗೆಯೇ ಸರಿಯಾದ ಚಿಕಿತ್ಸೆ. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ಮೂಳೆ ಜರುಗಿ ಮುರಿದ 250 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಬರೀ ಜೋಳಿಗೆ. ಎರಡು ವರ್ಷ ನೋಡಿದರು. ಕೈಯ ಓಡಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಅದು ಪ್ರಕಟವಾಯಿತು. ಹಾಗಾಗಿ ಅಮ್ಮನಿಗೆ ಆಪರೇಷನ್ ಮಾಡದೆ ಕಳಿಸಿದ್ದಕ್ಕೆ ನನಗೆ ಬೇಸರವಿಲ್ಲ. ಕೈ ಕೂಡುವುದೂ ಕೂಡಿತು.

ಬೇಸರ ಇರುವುದು ಬೇರೆ ಕಡೆ. ಎಲ್ಲರೂ ಕೈ ನೋಡಿದರು. ಅಮ್ಮನನ್ನು ಯಾರೂ ನೋಡಲಿಲ್ಲ. ನಾವೂ ನೋಡಲಿಲ್ಲ.

ಬಲಗೈ ಜೋಳಿಗೆಯೊಳಗೆ ಹೋದ ಮೇಲೆ 71ರ ಹೆಂಗಸಿನ ದಿನ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು. ಮೊದಲ ಎರಡು ವಾರ ಮಲಗುವ ಹಾಗಿಲ್ಲ. ಮಲಗಿದರೆ ಮುರಿದ ತುದಿ ಜಗ್ಗುತ್ತದೆ. ಗೋಡೆಗೆ ದಿಂಬು ಇಟ್ಟುಕೊಂಡು ಕೂತೇ ನಿದ್ದೆ. ರಕ್ತ ಕೆಳಗಿಳಿದು ರಟ್ಟೆ, ಮೊಣಕೈ, ಪಕ್ಕೆಯೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ದೂರ ಹರಡುತ್ತೆ ಅಂತ ನಮಗೆ ಗೊತ್ತಿರಲಿಲ್ಲ, ಹೆದರಿದ್ದೆವು. ತುರುಬು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಸೀರೆಯ ನೆರಿಗೆ ಹಿಡಿಯಲು ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಲಗೈಯಲ್ಲಿ ಊಟ ಮಾಡಿದವಳು ಎಡಗೈಯಲ್ಲಿ ಚಮಚ ಹಿಡಿದು ಅನ್ನ ಬಾಯಿಗಿಡುವಾಗ ಅರ್ಧ ಸೆರಗಿನ ಮೇಲೆ ಚೆಲ್ಲುತ್ತಿತ್ತು. ನಾವು ಉಣ್ಣಿಸುತ್ತೇವೆ ಅಂದರೆ ನಾಚಿಕೆ. "ನನಗೆ ಹಸಿವಿಲ್ಲ" ಅನ್ನುವುದು ಶುರುವಾಯಿತು. ಅದು ಹಸಿವಿನ ಮಾತಾಗಿರಲಿಲ್ಲ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ತಿಂಗಳ ಮೇಲೆ.

ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಕುಡಿದರೆ ಬಚ್ಚಲಿಗೆ ಹೋಗಬೇಕು. ಹೋದರೆ ಸೀರೆ ಎತ್ತಲು ಸೊಸೆಯನ್ನು ಕರೆಯಬೇಕು. ರಾತ್ರಿಯಾದರೆ ಎಬ್ಬಿಸಬೇಕು. ಇದನ್ನು ಯಾವ ಡಾಕ್ಟರ ಚೀಟಿಯಲ್ಲೂ ಬರೆದಿರುವುದಿಲ್ಲ ಅಲ್ವಾ? ನೀರು ಕಡಿಮೆಯಾಗಿ ಮಲಬದ್ಧತೆ ಬಂತು, ಉರಿಮೂತ್ರ ಬಂತು, ಜ್ವರ ಬಂತು. ಅಂಗಳಕ್ಕೆ ಹೋಗಿ ಹೂ ಕೊಯ್ಯುವುದು, ಕೊಟ್ಟಿಗೆಗೆ ಹೋಗಿ ಬರುವುದು ನಿಂತಿತು. ಮತ್ತೆ ಬೀಳುವ ಭಯ. ನಾವೂ "ಸುಮ್ನೆ ಕೂತ್ಕೋ ಅಮ್ಮ" ಅಂತ ಪ್ರೀತಿಯಿಂದಲೇ ಹೇಳುತ್ತಿದ್ದೆವು. ಆ ಮಾತು ಅವಳ ಕಾಲಿನ ಬಲ ತಿನ್ನುತ್ತಿತ್ತು. ಆರು ವಾರಕ್ಕೆ ಮೂಳೆ ಕೂಡಿದೆ ಅಂದರು. ಅಷ್ಟರಲ್ಲಿ ಅಮ್ಮನ ರವಿಕೆಗಳೆಲ್ಲ ಸಡಿಲವಾಗಿದ್ದವು. ಭುಜ ಬಿಗಿದುಕೊಂಡು ಕೈ ತಲೆಗೆ ಏರುತ್ತಿರಲಿಲ್ಲ. ಫಿಸಿಯೋಥೆರಪಿಗೆ ಎರಡು ಬಸ್ ಬದಲಿಸಿ ಹೋಗಬೇಕಿತ್ತು. ಮೂರು ಸಲ ಹೋದಳು. ಆಮೇಲೆ ಬಿಟ್ಟಳು.

2023ರ ಮಾರ್ಚ್‌ನಲ್ಲಿ ಅಡುಗೆಮನೆಯಿಂದ ಹೊರಗೆ ಬರುವಾಗ ಮತ್ತೆ ಬಿದ್ದಳು. ಗೋಡೆ ಹಿಡಿಯಲು ಬಲಗೈ ಎತ್ತಿದಳು, ಕೈ ಅಷ್ಟು ಮೇಲೆ ಹೋಗಲಿಲ್ಲ. ಈ ಸಲ ಸೊಂಟ. ಆಪರೇಷನ್ ಆಯಿತು, ಮನೆಗೂ ಬಂದಳು. ಎದೆಗೆ ಕಫ ಕಟ್ಟಿತು, ನ್ಯುಮೋನಿಯಾ ಅಂದರು. ಮೇ ತಿಂಗಳಲ್ಲಿ ಹೋಗಿಬಿಟ್ಟಳು. ಕೈ ಮುರಿದ ದಿನದಿಂದ ಎಣಿಸಿದರೆ ಒಂಬತ್ತು ತಿಂಗಳು.

ಉತ್ತರಕ್ರಿಯೆಗೆ ಬಂದ ನೆಂಟರೊಬ್ಬರು "ಕೈ ಮುರಿದಾಗಿನಿಂದಲೇ ಅತ್ತಿಗೆ ಇಳಿದುಹೋದರು" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು. ನಿಜಾನಾ? ಕೈಗೂ ಜೀವಕ್ಕೂ ಸಂಬಂಧ ಇದೆಯಾ? ಅಂದಿನಿಂದ ನನಗೆ ತಿಳಿದ ಮಟ್ಟಿಗೆ ಓದಿದೆ. ಗುರುತಿನ ಡಾಕ್ಟರುಗಳನ್ನು ಕೂರಿಸಿಕೊಂಡು ಕೇಳಿದೆ. ಸಂಬಂಧ ಇದೆ. ಅದು ಗೊತ್ತಾಗಿ ಇಪ್ಪತ್ತೈದು ವರ್ಷವಾಗಿದೆ.

ಆಸ್ಟ್ರೇಲಿಯಾದಲ್ಲಿ ಡಬ್ಬೊ ಅಂತ ಒಂದು ಊರಿದೆ. 1989ರಿಂದ ಆ ಊರಿನ 60 ದಾಟಿದ ಹೆಂಗಸರು, ಗಂಡಸರನ್ನೆಲ್ಲ ಒಂದು ತಂಡ ಬೆನ್ನು ಹತ್ತಿ ನೋಡುತ್ತಾ ಬಂದಿದೆ. ಯಾರಿಗೆ ಯಾವ ಮೂಳೆ ಮುರಿಯಿತು, ಆಮೇಲೆ ಎಷ್ಟು ವರ್ಷ ಬದುಕಿದರು ಅಂತ. ಸೊಂಟ ಮುರಿದವರು ಬೇಗ ಸಾಯುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ತಂಡ 1999ರಲ್ಲಿ ಹೇಳಿದ್ದು ಅದಕ್ಕಿಂತ ದೊಡ್ಡ ಮಾತು. ಬೆನ್ನುಮೂಳೆ ಇರಲಿ, ರಟ್ಟೆಯ ಮೂಳೆ ಇರಲಿ, ದೊಡ್ಡ ಮೂಳೆ ಯಾವುದು ಮುರಿದರೂ ಅದೇ ವಯಸ್ಸಿನ ಬೇರೆಯವರಿಗಿಂತ ಇವರಲ್ಲಿ ಸಾವು ಜಾಸ್ತಿ. ಅದರಲ್ಲೂ ಗಂಡಸರಲ್ಲಿ ಇನ್ನೂ ಜಾಸ್ತಿ. ಹತ್ತು ವರ್ಷ ಬಿಟ್ಟು 2009ರಲ್ಲಿ ಅದೇ ತಂಡ ಇನ್ನೊಂದು ಲೆಕ್ಕ ಕೊಟ್ಟಿತು. ಆ ಅಪಾಯ ಸುಮಾರು ಐದು ವರ್ಷ ಬೆನ್ನಿಗಿರುತ್ತದೆ. ಆ ಮಧ್ಯೆ ಇನ್ನೊಂದು ಮೂಳೆ ಮುರಿದರೆ ಮತ್ತೆ ಐದು ವರ್ಷ.

ಅದೇ 2009ರಲ್ಲಿ ಅಮೆರಿಕದಿಂದ ಬಂದ ಲೆಕ್ಕ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ಎಂಟು ಸಾವಿರ ವಯಸ್ಸಾದ ಹೆಂಗಸರನ್ನು ವರ್ಷಗಟ್ಟಲೆ ನೋಡಿದ್ದರು. ರಟ್ಟೆ ಮೂಳೆ ಭುಜದ ಹತ್ತಿರ ಮುರಿದವರಿಗೆ ಮುಂದಿನ ಒಂದೇ ವರ್ಷದೊಳಗೆ ಸೊಂಟ ಮುರಿಯುವ ಅಪಾಯ ಐದು ಪಟ್ಟಿಗಿಂತ ಹೆಚ್ಚು. ವರ್ಷ ಕಳೆದ ಮೇಲೆ ಅಷ್ಟಿಲ್ಲ. ಅಂದರೆ ಕಾಪಾಡಬೇಕಾದ ಕಾಲ ಮೊದಲನೇ ವರ್ಷವೇ. ನನ್ನ ಅಮ್ಮನಿಗೆ ಏಳನೇ ತಿಂಗಳಲ್ಲಿ ಸೊಂಟ ಮುರಿಯಿತು.

ಇದನ್ನು ಓದುವವರ ಮನೆಯಲ್ಲಿ ಈಗ ಯಾರಾದರೂ ಕೈಗೆ ಜೋಳಿಗೆ ಹಾಕಿಕೊಂಡು ಕೂತಿರಬಹುದು. ದಯವಿಟ್ಟು ಹೆದರಬೇಡಿ. ಕೈ ಮುರಿದವರಲ್ಲಿ ಬಹಳ ಜನ ಚೆನ್ನಾಗಿ ಬದುಕುತ್ತಾರೆ. ಬೈಕಿನಿಂದ ಬಿದ್ದು ಕೈ ಮುರಿದುಕೊಂಡ 30ರ ಹುಡುಗನ ವಿಷಯವೇ ಬೇರೆ, ಅವನಿಗೆ ಈ ಮಾತು ಅನ್ವಯಿಸುವುದಿಲ್ಲ. ಮುರಿದ ಕೈ ತಾನಾಗಿ ಯಾರನ್ನೂ ಕೊಲ್ಲುವುದೂ ಇಲ್ಲ. ಆದರೆ ನಿಂತಲ್ಲಿಂದ ಬಿದ್ದು ರಟ್ಟೆ ಮುರಿಯಿತು ಅಂದರೆ ಎರಡು ವಿಷಯ ಬಯಲಾದ ಹಾಗೆ. ಒಂದು, ಒಳಗೆ ಮೂಳೆ ಟೊಳ್ಳಾಗಿದೆ. ಎರಡು, ಬೀಳುವಾಗ ಸಾವರಿಸಿಕೊಳ್ಳುವ ಶಕ್ತಿ ಕುಂದಿದೆ. ಚುರುಕಾಗಿರುವವರು ಬೀಳುವಾಗ ಕೈ ಊರುತ್ತಾರೆ, ಅವರಿಗೆ ಮಣಿಕಟ್ಟು ಮುರಿಯುತ್ತದೆ. ಕೈ ಮುಂದೆ ಬರುವಷ್ಟರಲ್ಲಿ ನೆಲಕ್ಕೆ ಬಿದ್ದವರಿಗೆ ಭುಜಕ್ಕೇ ಪೆಟ್ಟು. ಅಮ್ಮನಿಗೆ 67ರಲ್ಲಿ ಮಣಿಕಟ್ಟು ಮುರಿದಿತ್ತು. 71ರಲ್ಲಿ ರಟ್ಟೆ. 72ಕ್ಕೆ ಸೊಂಟ. ಈಗ ಮೂರನ್ನೂ ಸಾಲಾಗಿ ಬರೆದರೆ ಮಗುವಿಗೂ ಅರ್ಥವಾಗುತ್ತದೆ. ಆಗ ಮೂರು ಬೇರೆ ಬೇರೆ ಚೀಟಿಗಳಾಗಿದ್ದವು.

ಇಲ್ಲಿ ನಮ್ಮ ಭಾಷೆಯ ಒಂದು ತೊಡಕಿದೆ. ಆಸ್ಟಿಯೋಪೊರೋಸಿಸ್‌ಗೆ ನಾವು ಮೂಳೆ ಸವೆತ ಅನ್ನುತ್ತೇವೆ. ಮಂಡಿನೋವಿಗೂ ಸವೆತ ಅಂತಲೇ ಅನ್ನುತ್ತೇವೆ. ಹಾಗಾಗಿ ಮೂಳೆ ಸವೆತ ಅಂದರೆ ಮಂಡಿ ನೋಯಬೇಕು, ನೋವಿಲ್ಲದಿದ್ದರೆ ಸವೆತವೂ ಇಲ್ಲ ಅಂತ ನಮ್ಮ ಜನ ತಿಳಿದಿದ್ದಾರೆ. ಮೂಳೆ ಟೊಳ್ಳಾಗುವುದಕ್ಕೆ ನೋವೇ ಇರುವುದಿಲ್ಲ. ಮುರಿಯುವ ತನಕ ಗೊತ್ತಾಗುವುದಿಲ್ಲ. ಗೆದ್ದಲು ಹಿಡಿದ ತೊಲೆ ಹೊರಗಿನಿಂದ ನೆಟ್ಟಗೆ ಕಾಣುವ ಹಾಗೆ. ಇಲಾಖೆಯ ಪೋಸ್ಟರುಗಳಲ್ಲಿ ದಯವಿಟ್ಟು "ಟೊಳ್ಳು ಮೂಳೆ" ಅಂತ ಬರೆಸಿ. ಒಂದೇ ಪದದಲ್ಲಿ ಅರ್ಧ ಕೆಲಸ ಆಗುತ್ತದೆ.

ಹಾಗಾದರೆ ಏನು ಮಾಡಬಹುದಿತ್ತು? ಇದನ್ನೇ ನಾನು ಎಲ್ಲರನ್ನೂ ಕೇಳಿದೆ. ಉತ್ತರ ಕಷ್ಟದ್ದಾಗಿರಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟಿದ್ದು.

1999ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಆಸ್ಪತ್ರೆಗಳಲ್ಲಿ ಒಂದು ಏರ್ಪಾಡು ಶುರು ಮಾಡಿದರು. ಫ್ರಾಕ್ಚರ್ ಲಯೇಸನ್ ಸರ್ವಿಸ್ ಅಂತ ಅದರ ಹೆಸರು. ಅದರಲ್ಲಿ ಮುಖ್ಯವಾದವರು ನರ್ಸ್. 50 ದಾಟಿದವರು ಯಾರೇ ಮೂಳೆ ಮುರಿದುಕೊಂಡು ಬರಲಿ, ಅವರ ಹೆಸರು ಆ ನರ್ಸ್ ಹತ್ತಿರ ಹೋಗುತ್ತದೆ. ಪ್ಲಾಸ್ಟರ್ ಹಾಕಿದರೂ ಸರಿ, ಜೋಳಿಗೆ ಹಾಕಿದರೂ ಸರಿ. ಅವರು ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸುತ್ತಾರೆ, ಬೇಕಿದ್ದರೆ ಮೂಳೆಗೆ ಔಷಧಿ ಶುರುವಾಗುವ ಹಾಗೆ ನೋಡಿಕೊಳ್ಳುತ್ತಾರೆ. ಅಷ್ಟೇ. ಈಗ ಬೇರೆ ಬೇರೆ ದೇಶಗಳಲ್ಲಿ ಇದು ನಡೆಯುತ್ತಿದೆ. 2012ರಿಂದ ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಸಂಸ್ಥೆ ಇಂಥ ಏರ್ಪಾಡುಗಳನ್ನು ಬೆಳೆಸುವ ಕೆಲಸವನ್ನೇ ಮಾಡುತ್ತಿದೆ.

ಔಷಧಿಯಿಂದ ಜೀವ ಉಳಿಯುತ್ತಾ ಅಂತ ಕೇಳಬಹುದು. ಸೊಂಟ ಮುರಿದು ಆಪರೇಷನ್ ಆದ 2,127 ಜನರ ಮೇಲೆ ನಡೆದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಆಪರೇಷನ್ ಆದ 90 ದಿನದೊಳಗೆ ಅರ್ಧ ಜನಕ್ಕೆ ಝೋಲೆಡ್ರೋನಿಕ್ ಆಸಿಡ್ ಅನ್ನುವ ಔಷಧಿಯನ್ನು ಡ್ರಿಪ್ಪಿನಲ್ಲಿ ಕೊಟ್ಟರು, ವರ್ಷಕ್ಕೊಂದು ಸಲ. ಉಳಿದರ್ಧ ಜನಕ್ಕೆ ಔಷಧಿಯಿಲ್ಲದ ಡ್ರಿಪ್. ಔಷಧಿ ಇಲ್ಲದವರಲ್ಲಿ ನೂರಕ್ಕೆ 13.3 ಜನ ತೀರಿಕೊಂಡರು, ಔಷಧಿ ಪಡೆದವರಲ್ಲಿ 9.6. ಹೊಸದಾಗಿ ಮೂಳೆ ಮುರಿಯುವುದೂ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಅದು ಸೊಂಟ ಮುರಿದವರ ಲೆಕ್ಕ, ಕೈ ಮುರಿದವರದ್ದಲ್ಲ. ಕಿಡ್ನಿ ಹೇಗಿದೆ, ವಿಟಮಿನ್ ಡಿ ಎಷ್ಟಿದೆ ಅಂತ ನೋಡಿಯೇ ಕೊಡಬೇಕಾದ ಔಷಧಿ, ಯಾರಿಗೆ ಬೇಕು ಅಂತ ಡಾಕ್ಟರೇ ತೀರ್ಮಾನಿಸಬೇಕು. ಆದರೆ ಅಮ್ಮನಿಗೆ ಅದು ಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಯಾರ ಬಾಯಲ್ಲೂ ಬರಲಿಲ್ಲ. ಬರೀ ಕ್ಯಾಲ್ಸಿಯಂ ಮಾತ್ರೆಯಿಂದ ಟೊಳ್ಳಾದ ಮೂಳೆ ಗಟ್ಟಿಯಾಗುವುದಿಲ್ಲ. ರಾಗಿ ಒಳ್ಳೆಯದು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಮ್ಮನೂ ರಾಗಿ ಅಂಬಲಿ ಕುಡಿಯುತ್ತಿದ್ದಳು. ಅಲ್ಲಿಗೇ ಎಲ್ಲ ಸರಿಹೋಯಿತು ಅಂತ ನಾವೂ ನಂಬಿದ್ದೆವು.

ಸಚಿವರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಒಬ್ಬ ನರ್ಸ್ ಕೊಡಿ. ಬೇರೆ ಕೆಲಸಕ್ಕೆ ಎಳೆಯದ ಹಾಗೆ, ಇದಕ್ಕೇ ಅಂತ. 50 ದಾಟಿದವರು ನಿಂತಲ್ಲಿಂದ ಬಿದ್ದು ಮೂಳೆ ಮುರಿದುಕೊಂಡು ಬಂದರೆ ಅವರ ಹೆಸರು, ಫೋನ್ ನಂಬರ್ ಆ ನರ್ಸ್ ಪುಸ್ತಕಕ್ಕೆ ಹೋಗಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಜೋಳಿಗೆ ಹಾಕಿ ಕಳಿಸಿದವರ ಹೆಸರೂ ಅಲ್ಲಿಗೆ ಬರಲಿ. ಮೂಳೆ ಪರೀಕ್ಷೆ ಆಯಿತಾ, ಔಷಧಿ ಬೇಕಾ, ತಲೆಸುತ್ತು ತರುವ ಬಿಪಿ ಮಾತ್ರೆ, ನಿದ್ದೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದಾರಾ, ಕಣ್ಣಿಗೆ ಪೊರೆ ಬಂದಿದೆಯಾ, ಇಷ್ಟು ಅವರು ಕೇಳಲಿ. ಬೀಳದೆ, ಪೆಟ್ಟೇ ಬೀಳದೆ ರಟ್ಟೆ ಮೂಳೆ ಮುರಿದಿದೆ ಅಂದರೆ ಅದು ಬೇರೆಯೇ ಎಚ್ಚರಿಕೆ. ಬೇರೆ ಕಡೆಯ ಕ್ಯಾನ್ಸರ್ ಆ ಮೂಳೆಗೆ ಬಂದಿರಬಹುದು. ಅಂಥವರನ್ನು ಜೋಳಿಗೆ ಹಾಕಿ ಮನೆಗೆ ಕಳಿಸುವ ಹಾಗೇ ಇಲ್ಲ. ಇದನ್ನು ನಿಮ್ಮ ಡಾಕ್ಟರುಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನೂರು ಜನರ ಸಾಲಿನಲ್ಲಿ ಅದು ತಪ್ಪಿಹೋಗದಂತೆ ನೋಡಿಕೊಳ್ಳಲು ಒಬ್ಬರು ಬೇಕು.

ಆಮೇಲೆ ಮನೆ. ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಕೆಲಸ ಶುರುವಾಗಿದೆ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಅದೇ ಭೇಟಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. "ಹೋದ ವರ್ಷ ಬಿದ್ದಿದ್ರಾ? 50 ಆದ ಮೇಲೆ ಮೂಳೆ ಏನಾದ್ರೂ ಮುರಿದಿತ್ತಾ?" ಹೌದು ಅಂದರೆ ಜಿಲ್ಲೆಯ ಆ ನರ್ಸ್‌ಗೆ ಒಂದು ಫೋನ್. ಮೂಳೆ ಕಟ್ಟಿಸಿಕೊಳ್ಳಲು ನಾಟಿ ವೈದ್ಯರ ಹತ್ತಿರ ಹೋದವರು ಆಸ್ಪತ್ರೆಯ ಪುಸ್ತಕದಲ್ಲಿ ಇರುವುದೇ ಇಲ್ಲ. ಅವರು ಸಿಗುವುದು ಈ ಪ್ರಶ್ನೆಯಿಂದ ಮಾತ್ರ. ಜೋಳಿಗೆ ಹಾಕಿಕೊಂಡಿರುವ ಅಜ್ಜಿಯ ಮನೆಗೆ ಆಶಾ ಕಾರ್ಯಕರ್ತೆ ಮೊದಲ ತಿಂಗಳಲ್ಲಿ ಎರಡು ಸಲ ಹೋಗಿಬರಲಿ. ಅದಕ್ಕೆ ಅವರಿಗೆ ಬೇರೆ ಗೌರವಧನವನ್ನೂ ಕೊಡಿ, ಸುಮ್ನೆ ಹೆಗಲ ಮೇಲೆ ಇನ್ನೊಂದು ಹೊರೆ ಇಡಬೇಡಿ. ಹೋದವರು ಕೈ ನೋಡುವುದು ಬೇಡ. ತಟ್ಟೆ ನೋಡಲಿ. ನೀರಿನ ಚೊಂಬು ನೋಡಲಿ. ಬಚ್ಚಲಿಗೆ ಹೋಗುವ ದಾರಿ ನೋಡಲಿ. ರಾತ್ರಿ ಅಲ್ಲಿ ದೀಪ ಉರಿಯುತ್ತಾ, ಕಲ್ಲಿನ ಮೇಲೆ ಪಾಚಿ ಇದೆಯಾ, ಹಿಡಿದುಕೊಳ್ಳಲು ಎಡಗೈ ಕಡೆ ಏನಾದರೂ ಇದೆಯಾ ಅಂತ ನೋಡಲಿ.

ಇನ್ನೊಂದು, ಲೆಕ್ಕ. ಸ್ವೀಡನ್ನಿನಲ್ಲಿ 2011ರಿಂದ ಮೂಳೆ ಮುರಿತಕ್ಕೇ ಒಂದು ರಾಷ್ಟ್ರೀಯ ದಾಖಲೆ ಇಟ್ಟಿದ್ದಾರೆ. ಯೋಥೆಬೋರಿ ಊರಿನ ಆಸ್ಪತ್ರೆಯಲ್ಲಿ ಶುರುವಾಗಿದ್ದು ಈಗ ದೇಶಕ್ಕೆಲ್ಲ ಹಬ್ಬಿದೆ. ಯಾವ ಮೂಳೆ, ಹೇಗೆ ಮುರಿಯಿತು, ಏನು ಚಿಕಿತ್ಸೆ ಆಯಿತು ಅಂತ ಬರೆದಿಡುತ್ತಾರೆ. ಸಾವಿನ ದಾಖಲೆಯ ಜೊತೆ ಅದನ್ನು ಹೊಂದಿಸಿ ನೋಡುತ್ತಾರೆ. ಅದರಿಂದಲೇ ರಟ್ಟೆ ಮುರಿದವರಲ್ಲಿ ಎಷ್ಟು ಜನ ವರ್ಷದೊಳಗೆ ತೀರಿಕೊಂಡರು ಅಂತ ಅವರು ಹೇಳಬಲ್ಲರು. ನಮ್ಮ ಅಮ್ಮನ ಕೈ ಒಂದು ಆಸ್ಪತ್ರೆಯ ಹೊರರೋಗಿ ಪುಸ್ತಕದಲ್ಲಿದೆ. ಸೊಂಟ ಇನ್ನೊಂದು ಆಸ್ಪತ್ರೆಯಲ್ಲಿದೆ. ಸಾವು ಪಂಚಾಯ್ತಿಯಲ್ಲಿದೆ, ಕಾರಣ ನ್ಯುಮೋನಿಯಾ ಅಂತ. ಮೂರೂ ಒಬ್ಬಳೇ ಹೆಂಗಸಿನ ಒಂಬತ್ತು ತಿಂಗಳು ಅಂತ ಸರ್ಕಾರದ ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಮೊದಲು ಒಂದೇ ಜಿಲ್ಲೆಯಲ್ಲಿ ಶುರು ಮಾಡಿ. ಒಂದು ವರ್ಷ ಕೈ ಮುರಿದವರ ಹೆಸರು ಬರೆದಿಟ್ಟುಕೊಂಡು, ಮುಂದಿನ ವರ್ಷ ಅವರಿಗೆಲ್ಲ ಒಂದೊಂದು ಫೋನ್ ಮಾಡಿದರೂ ಸಾಕು. ಫೋನ್ ಯಾರು ಎತ್ತುತ್ತಾರೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ಡಾಕ್ಟರುಗಳಲ್ಲೂ ಒಂದು ಮಾತು. ನಿಮ್ಮ ಹೊರಗಿನ ಸಾಲು ನಾನು ಕಂಡಿದ್ದೇನೆ. ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡುವುದೂ ಕಷ್ಟ. ಆದರೂ "ಪುಣ್ಯ, ಸೊಂಟ ಮುರಿದಿಲ್ಲ" ಅಂದ ಮೇಲೆ ಇನ್ನೊಂದೇ ವಾಕ್ಯ ಸೇರಿಸಿ. "ಈ ಒಂದು ವರ್ಷ ಸೊಂಟ ಮುರಿಯದ ಹಾಗೆ ನೋಡ್ಕೋಬೇಕು, ಅದಕ್ಕೆ ಮೂಳೆ ಪರೀಕ್ಷೆ ಮಾಡಿಸಿ." ಹತ್ತು ಸೆಕೆಂಡಿನ ಮಾತು. ನಮಗೆ ಯಾರಾದರೂ ಅದನ್ನು ಹೇಳಿದ್ದರೆ ನಾವು ಹೊಲ ಅಡ ಇಟ್ಟಾದರೂ ಮಾಡಿಸುತ್ತಿದ್ದೆವು. ಅಷ್ಟು ಖರ್ಚಿನದ್ದೂ ಅಲ್ಲ ಅದು.

ಅಮ್ಮನ ಎಕ್ಸ್‌ರೇಗಳು ನನ್ನ ಹತ್ತಿರ ಇವೆ. ಮಣಿಕಟ್ಟಿನದ್ದು, ರಟ್ಟೆಯದ್ದು, ಸೊಂಟದ್ದು. ಡಾಕ್ಟರ ಚೀಟಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲ್ ಮಾಡಿದ್ದೇನೆ. ಇಲಾಖೆಯಿಂದ ಯಾರಾದರೂ ಇದರ ಬಗ್ಗೆ ಕೂತು ಮಾತಾಡಲು ಸಿದ್ಧರಿದ್ದರೆ, ಯಾವ ದಿನ ಅಂತ ಹೇಳಿ. ರಜೆ ಹಾಕಿ, ಫೈಲ್ ತೆಗೆದುಕೊಂಡು ನಾನೇ ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಮಲೆನಾಡಿನ ಒಬ್ಬ ಶಾಲಾ ಶಿಕ್ಷಕಿ